ತಿರುಗಿಸಿಟ್ಟ ಚಪ್ಪಲಿ

ನನಗೆ ದೇವರು ತೋರಿಸುತ್ತೇವೆ ಎಂದು ಹೇಳಿ ಟೋಕಿಯೋದಲ್ಲಿ ಇಳಿಸಿದ್ದು ಸುಳ್ಳು. ಅವರು ತೋರಿಸಿದ್ದು ನನ್ನನ್ನು. ಎಪ್ಪತ್ತು ದಾಟಿದ ಮುದುಕಿಗೆ ಹಸಿರು ರೇಷ್ಮೆ ಸೀರೆ ಉಡಿಸಿ, ಕಂಡು ಕೇಳದ ಜನರ ಕಣ್ಣ ಮುಂದೆ ನಡೆಸಿ, ಹೆಣ್ಣು ತೋರಿಸುವ ಶಾಸ್ತ್ರ ಮುಗಿಸಿಕೊಂಡು ಬಂದರು. ಮಗಳು ವಿಜಿ ಈಗಲೂ "ಹಾಗೆಲ್ಲ ಅನ್ಬೇಡಮ್ಮ, ಅದು ಜಸ್ಟ್ ಒಂದು ಮೀಟಿಂಗು" ಅನ್ನುತ್ತಾಳೆ. ಅಳಿಯಂದಿರು "ವಿಮಾನ ಬದಲಿಸೋಕೆ ಲೇಓವರ್ ಇತ್ತಲ್ಲ ಅತ್ತೆ, ಅದಕ್ಕೆ" ಅನ್ನುತ್ತಾರೆ. ಒಂದೇ ವಿಷಯಕ್ಕೆ ಗಂಡ ಹೆಂಡತಿ ಎರಡು ಕಾರಣ ಕೊಟ್ಟರೆ ನಾನು ಎರಡನ್ನೂ ಬಿಟ್ಟು ಮೂರನೆಯದನ್ನು ಹುಡುಕುತ್ತೇನೆ.

ಇವತ್ತು ಅದೆಲ್ಲ ನೆನಪಾದದ್ದು ಚಪ್ಪಲಿಯಿಂದ. ಡೆಟ್ರಾಯಿಟಿನ ಪಕ್ಕದ ಲಿವೋನಿಯಾದ ನಮ್ಮ ಮನೆಯಲ್ಲಿ ಮುಂಬಾಗಿಲು ಇರುವುದು ನೆಂಟರಿಗೆ ಮತ್ತು ಪಾರ್ಸಲಿಗೆ. ಮನೆಯವರು ಓಡಾಡುವುದು ಗರಾಜಿನ ಬಾಗಿಲಲ್ಲಿ. ಅಲ್ಲೊಂದು ಸಣ್ಣ ಜಾಗದಲ್ಲಿ ಎಲ್ಲರ ಚಪ್ಪಲಿ, ಶೂ, ಹಿಮದ ಬೂಟು. ಬೆಳಿಗ್ಗೆ ಕಸದ ಚೀಲ ಹಿಡಿದು ಹೋದರೆ ನನ್ನ ಚಪ್ಪಲಿ ಮೂತಿಯನ್ನು ಹೊರಗೆ ಮಾಡಿಕೊಂಡು ಕೂತಿತ್ತು, ಗಾಡಿ ಕಟ್ಟಿ ನಿಲ್ಲಿಸಿದ ಹಾಗೆ. ಕಾಲು ತೂರಿಸಿದೆ, ಹೊರಟೆ. ಬಗ್ಗಬೇಕಾಗಿಲ್ಲ, ತಿರುಗಬೇಕಾಗಿಲ್ಲ. ಸುಖವಾಗಿಯೇ ಇದೆ. ಆದರೆ ಸುಖ ತಾನಾಗಿ ಮನೆ ಬಾಗಿಲಿಗೆ ಬಂದು ಕೂತರೆ ಕಳಿಸಿದವರು ಯಾರು ಎಂದು ಕೇಳುವುದು ನನ್ನ ಸ್ವಭಾವ.

ಚಪ್ಪಲಿಯ ವಿಷಯದಲ್ಲಂತೂ ನನಗೆ ಯಾರ ಮೇಲೂ ನಂಬಿಕೆ ಇಲ್ಲ. ಮದುವೆಯಾಗುವವರೆಗೆ ನಾನು ಚಪ್ಪಲಿ ಮೆಟ್ಟಿದವಳಲ್ಲ. ನಾಲ್ಕನೇ ಕ್ಲಾಸಿನವರೆಗೆ ಸ್ಕೂಲಿಗೆ ಬರಿಗಾಲಲ್ಲಿ ಹೋದೆ, ಬರಿಗಾಲಲ್ಲೇ ಬಿಟ್ಟು ಬಂದೆ. ನಂಜನಗೂಡಿನ ಬೀದಿ ಬೇಸಿಗೆಯಲ್ಲಿ ಹೇಗೆ ಸುಡುತ್ತದೆಂದು ನನ್ನ ಅಂಗಾಲಿಗೆ ಈಗಲೂ ಗೊತ್ತು. ಒಂದು ನೆರಳಿನಿಂದ ಇನ್ನೊಂದು ನೆರಳಿಗೆ ಓಡುವುದು, ನೆರಳಿಲ್ಲದ ಕಡೆ ಲಂಗದ ಅಂಚನ್ನೇ ಕಾಲಡಿಗೆ ಹಾಕಿಕೊಂಡು ನಿಲ್ಲುವುದು. ಮದುವೆಗೆ ನಮ್ಮಪ್ಪ ಟೈರಿನ ಅಟ್ಟೆಯ ಚಪ್ಪಲಿ ಕೊಡಿಸಿದರು. ಗಂಡನ ಜೊತೆ ಮೊದಲ ಸಲ ದೇವಸ್ಥಾನಕ್ಕೆ ಹೋಗಿ ಈಚೆ ಬರುವಷ್ಟರಲ್ಲಿ ಅದು ಮಾಯ. ನಮ್ಮ ಯಜಮಾನರು "ಪೀಡೆ ಕಳೀತು ಅಂದ್ಕೋ" ಅಂದರು. ಅವರ ಚಪ್ಪಲಿ ಹೋಗಿರಲಿಲ್ಲ, ಅದಕ್ಕೇ ಅಂದರು.

ಅಂದಿನಿಂದ ನನ್ನದೊಂದು ಪದ್ಧತಿ. ದೇವಸ್ಥಾನದಲ್ಲಿ ಒಂದು ಚಪ್ಪಲಿಯನ್ನು ಇಲ್ಲಿ ಬಿಡುತ್ತೇನೆ, ಇನ್ನೊಂದನ್ನು ಎಲ್ಲೋ ದೂರದಲ್ಲಿ. ಒಂಟಿ ಚಪ್ಪಲಿ ಕದ್ದು ಯಾರಿಗೇನು ಲಾಭ? ಇಲ್ಲಿನ ದೇವಸ್ಥಾನದಲ್ಲೂ ಅದನ್ನು ಬಿಟ್ಟಿಲ್ಲ. ಒಂದು ಹೆಂಗಸರ ಕಪಾಟಿನ ಕೆಳಗೆ, ಇನ್ನೊಂದು ಕೋಟು ನೇತುಹಾಕುವ ಮೂಲೆಯಲ್ಲಿ.

"ಅಮ್ಮ, ಇಲ್ಲಿ ಬರೋರೆಲ್ಲ ದೊಡ್ಡ ದೊಡ್ಡ ಕಾರಲ್ಲಿ ಬರ್ತಾರೆ. ನಿನ್ನ ಚಪ್ಪಲೀನ ಕೈಗೆ ಕೊಟ್ರೂ ತಗೊಳಲ್ಲ" ಅಂತಾಳೆ ವಿಜಿ.

ಒಂದು ಸಲ ವಾಲಂಟಿಯರ್ ಹುಡುಗಿಯೊಬ್ಬಳು ಕೋಟಿನ ಮೂಲೆಯ ಒಂಟಿ ಚಪ್ಪಲಿಯನ್ನು ಎತ್ತಿ ಕಳೆದುಹೋದ ಸಾಮಾನಿನ ಪೆಟ್ಟಿಗೆಗೆ ಹಾಕಿ, ಮೈಕಿನಲ್ಲಿ ಬೇರೆ ಕೂಗಿಸಿದಳು. ಮಹಾಮಂಗಳಾರತಿಯ ಹೊತ್ತಿನಲ್ಲಿ, ಬಲಗಾಲಿನ ಕಂದು ಚಪ್ಪಲಿ ಯಾರದು ಎಂದು. ನನ್ನದು ಅಂತ ಎದ್ದು ಹೋಗಿ ತಂದೆ. ವಿಜಿ ನನ್ನ ಗುರುತೇ ಇಲ್ಲದವಳ ಹಾಗೆ ಕಣ್ಣು ಮುಚ್ಚಿ ಕೈಮುಗಿದುಕೊಂಡೇ ನಿಂತಿದ್ದಳು.

ಇಂಥ ನನ್ನ ಕಣ್ಣಿಗೆ ಕಳೆದ ಬೇಸಿಗೆಯಲ್ಲಿ ಒಂದು ವಿಷಯ ಬಿತ್ತು. ಶನಿವಾರ ಮಧ್ಯಾಹ್ನ ನಾನು ಭಜನೆಗೆ ಹೋಗುತ್ತೇನೆ. ಸಾಯಂಕಾಲ ವಾಪಸು ಬಂದರೆ ಗರಾಜಿನ ಬಾಗಿಲ ಹತ್ತಿರ ಬಿದ್ದಿರುತ್ತಿದ್ದ ಚಪ್ಪಲಿ, ಶೂಗಳೆಲ್ಲ ಜೋಡಿ ಜೋಡಿಯಾಗಿ ಮೂತಿ ಹೊರಗೆ ಮಾಡಿ ನಿಂತಿರುತ್ತಿದ್ದವು. ಹಿತ್ತಿಲಿಗೆ ಹಾಕಿಕೊಳ್ಳುವ ನನ್ನ ಹರಕು ಚಪ್ಪಲಿ ಕೂಡ.

"ಯಾರೇ ಬಂದಿದ್ರು?"

"ಯಾರೂ ಇಲ್ವಲ್ಲಮ್ಮ. ಯಾಕೆ?"

"ಚಪ್ಪಲಿ ತಿರುಗಿದೆ."

"ರೋಬೋ ವ್ಯಾಕ್ಯೂಮ್ ತಳ್ಳಿರತ್ತೆ ಬಿಡು."

ಮಾರನೆಯ ದಿನ ಕುರ್ಚಿ ಹಾಕಿಕೊಂಡು ಕೂತು ಆ ರೋಬೋ ಕಸ ಗುಡಿಸುವುದನ್ನು ನೋಡಿದೆ. ಅದು ಒಂದು ಚಪ್ಪಲಿಯನ್ನು ತಳ್ಳಿಕೊಂಡು ಹೋಗಿ ಸೋಫಾದ ಕೆಳಗೆ ಸೇರಿಸಿತು, ತಾನೂ ಅಲ್ಲೇ ಸಿಕ್ಕಿಕೊಂಡು ಕಿರುಚಿತು. ಜೋಡಿಸಿಡುವ ಬುದ್ಧಿ ಅದಕ್ಕಿಲ್ಲ. ಮುಂದಿನ ಶನಿವಾರ ಹೊರಡುವಾಗ ನನ್ನ ಹರಕು ಚಪ್ಪಲಿಯ ಮೂತಿಯನ್ನು ಗೋಡೆಗೆ ಒತ್ತಿಟ್ಟು, ಮೇಲೊಂದು ಕರಿಬೇವಿನ ಎಲೆ ಹಾಕಿ ಹೋದೆ. ರೋಬೋ ತಳ್ಳಿದ್ದರೆ ಎಲೆ ಬಿದ್ದಿರಬೇಕು. ಬಂದು ನೋಡಿದೆ. ಚಪ್ಪಲಿ ತಿರುಗಿತ್ತು. ಎಲೆ ಮೇಲೆಯೇ ಇತ್ತು, ಅದನ್ನೂ ಮಧ್ಯಕ್ಕೆ ಸರಿಮಾಡಿ ಇಟ್ಟಿದ್ದರು.

ಕಳ್ಳನಲ್ಲ, ಅಷ್ಟು ಗೊತ್ತಾಯಿತು. ಕಳ್ಳನಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ಅದೇ ಸಮಯಕ್ಕೆ ಮೊಮ್ಮಗಳು ಇಳಾ, ಸೌತ್‌ಫೀಲ್ಡಿನಲ್ಲಿ ಕೆಲಸ ಮಾಡಿಕೊಂಡು ಅಲ್ಲೇ ಅಪಾರ್ಟ್‌ಮೆಂಟಿನಲ್ಲಿ ಇರುವವಳು, ಕರೆದರೂ ಬಾರದವಳು, ಶನಿವಾರ ಶನಿವಾರ ಮನೆಗೆ ಬರತೊಡಗಿದ್ದಳು. ಅವಳನ್ನು ಕೇಳಿದರೆ "ಅಜ್ಜಿ, ಯು ಆರ್ ಸೋ ಫನ್ನಿ" ಎಂದು ಕೆನ್ನೆ ಹಿಂಡಿ ಓಡಿದಳು. ಉತ್ತರ ಇಲ್ಲದವರು ಕೆನ್ನೆ ಹಿಂಡುತ್ತಾರೆ.

ಅಕ್ಟೋಬರಿನಲ್ಲಿ ಎಲ್ಲರೂ ಮೈಸೂರಿಗೆ ಹೋಗಿ ಅಳಿಯಂದಿರ ಕಡೆಯ ಒಂದು ಮದುವೆ ಮುಗಿಸಿಕೊಂಡು ಹೊರಟೆವು. ಯಾವಾಗಲೂ ಬರುವುದು ಜರ್ಮನಿಯ ಮೇಲೆ. ಈ ಸಲ ಟೋಕಿಯೋ ಅಂದರು. ಒಂದು ದಿನ ತಂಗುವುದಂತೆ.

"ಯಾಕೆ?" ಅಂದೆ.

"ಅಲ್ಲೊಂದು ಹಳೇ ದೇವಸ್ಥಾನ ಇದೆ ಅತ್ತೆ, ಶಿಂಟೋ ಅಂತ ಅವರ ಧರ್ಮ. ನೂರಾರು ವರ್ಷದ್ದು. ನಿಮಗೆ ಇಷ್ಟ ಆಗತ್ತೆ" ಅಂದರು ಅಳಿಯಂದಿರು. ಡೆಟ್ರಾಯಿಟಿನಲ್ಲಿ ಗಣೇಶನ ಹಬ್ಬಕ್ಕೆ ದೇವಸ್ಥಾನಕ್ಕೆ ಬನ್ನಿ ಎಂದರೆ ಪಾರ್ಕಿಂಗ್ ಸಿಗುವುದಿಲ್ಲ ಅನ್ನುವ ಮನುಷ್ಯ.

ಬೆಳಿಗ್ಗೆ ಹೋಟೆಲಿನಲ್ಲಿ ನಾನು ನೂಲಿನ ಸೀರೆ ತೆಗೆದರೆ ಇಳಾ ಬಂದು ಅದನ್ನು ಕಿತ್ತುಕೊಂಡಳು. "ಅಜ್ಜಿ, ವೇರ್ ದ ಗ್ರೀನ್ ಒನ್. ಪ್ಲೀಸ್." ಹಸಿರಿನದು ಮೈಸೂರು ರೇಷ್ಮೆ. ವಿಜಿ ನನ್ನ ಓಲೆಯ ತಿರುಪು ಬಿಗಿ ಮಾಡಿದಳು. ಅಳಿಯಂದಿರು ನನ್ನ ಚಪ್ಪಲಿಯನ್ನು ಕಾಗದದಿಂದ ಒರೆಸಿದರು. ಇದೆಲ್ಲ ನನಗೆ ಮೊದಲೇ ಒಂದು ಸಲ ಆಗಿತ್ತು.

ನಂಜನಗೂಡಿನಲ್ಲಿ, ಒಂದು ಮಂಗಳವಾರ. ಹಬ್ಬ ಇಲ್ಲ, ಹರಿದಿನ ಇಲ್ಲ. ನಮ್ಮ ಸೋದರತ್ತೆ ಬಂದು ಅಕ್ಕನ ಸೀರೆ ನನಗೆ ಉಡಿಸಿ, ಜಡೆ ತುಂಬ ಮಲ್ಲಿಗೆ ಮುಡಿಸಿ, "ಬಾರೇ, ಸುಮ್ನೆ ದೇವರ ದರ್ಶನ ಮಾಡ್ಕೊಂಡು ಬರೋಣ" ಅಂದರು. ಸುಮ್ಮನೆ ದರ್ಶನಕ್ಕೆ ಅಷ್ಟು ಮಲ್ಲಿಗೆ ಯಾಕೆ ಎಂದು ಆಗಲೂ ನನಗೆ ಅನುಮಾನ ಬಂತು. ದೇವಸ್ಥಾನದಲ್ಲಿ ಕಂಬದ ಪಕ್ಕ ದೊಡ್ಡ ಮೂಗುತಿಯ ಹೆಂಗಸೊಬ್ಬರು ನಿಂತಿದ್ದರು. ದೇವರಿಗೆ ಬೆನ್ನು ಹಾಕಿ ನಿಂತವರನ್ನು ನಾನು ನೋಡಿದ್ದು ಅದೇ ಮೊದಲು. ಸೋದರತ್ತೆ ನನ್ನ ಕೈಗೆ ತಂಬಿಗೆ ಕೊಟ್ಟು, ಹೊಳೆಗೆ ಹೋಗಿ ನೀರು ತಾ ಅಂದರು. ತಂದೆ. ಆ ಹೆಂಗಸು ಒಂದು ಮಾತೂ ಆಡದೆ ಹೊರಟುಹೋದರು. ಮುಂದೆ ಅವರೇ ನನ್ನ ಅತ್ತೆಯಾದರು. ಮದುವೆಯಾಗಿ ಎಷ್ಟೋ ದಿನದ ಮೇಲೆ, ಹಪ್ಪಳ ಒತ್ತುತ್ತಾ ಅಂದರು: "ನಿನ್ನ ಮುಖ ನಾನು ನೋಡ್ಲೇ ಇಲ್ಲ ಕಣೇ. ಮುಖಕ್ಕೆ ಪೌಡರ್ ಹಾಕ್ಬೋದು. ನಾನು ನೋಡಿದ್ದು ನಡಿಗೇನ."

ನನಗೆ ಕಾಲು ನೆಟ್ಟಗಿತ್ತು, ಮದುವೆಯಾಯಿತು. ಅಷ್ಟೇ ಕಥೆ.

ಆ ಟೋಕಿಯೋ ದೇವಸ್ಥಾನ ಎತ್ತರದ ಗಾಜಿನ ಕಟ್ಟಡಗಳ ಮಧ್ಯೆ, ಎಲ್ಲರೂ ಎದ್ದು ನಿಂತ ಮೇಲೆ ಕೂತೇ ಉಳಿದ ಮುದುಕನ ಹಾಗೆ ಇತ್ತು. ಒಂದು ಕಡೆ ರೈಲು ಹೋಗುವ ಸದ್ದು, ಇನ್ನೊಂದು ಕಡೆ ಆಫೀಸಿಗೆ ಓಡುವ ಜನ. ಬಾಗಿಲೇ ಇಲ್ಲದ ಕೆಂಪು ಮರದ ದೊಡ್ಡ ಕಮಾನು, ಅದರಾಚೆ ಜಲ್ಲಿಕಲ್ಲು ಹಾಸಿದ ಅಂಗಳ. ನಾನು ಕಮಾನಿನ ಹತ್ತಿರವೇ ಚಪ್ಪಲಿ ಬಿಟ್ಟೆ. ಪದ್ಧತಿಯಂತೆ ಒಂದನ್ನು ಕಮಾನಿನ ಬುಡದಲ್ಲಿ, ಇನ್ನೊಂದನ್ನು ಅತ್ತ ಇದ್ದ ಕಲ್ಲಿನ ದೀಪದ ಕಂಬದ ಹಿಂದೆ.

"ಅಜ್ಜಿ, ನೋ! ಇಲ್ಲಿ ಶೂಸ್ ತೆಗಿಯಲ್ಲ!"

"ದೇವರ ಮುಂದೆ ಚಪ್ಪಲಿ ಹಾಕ್ಕೊಂಡು ಹೋಗ್ತಾರಾ?"

"ಎವ್ರಿಬಡಿ ಡಸ್, ಅಜ್ಜಿ."

"ಎವ್ರಿಬಡಿ ಹೋಗ್ಲಿ."

ಜಲ್ಲಿ ತಣ್ಣಗೆ ಕೊರೆಯುತ್ತಿತ್ತು, ಚುಚ್ಚುತ್ತಿತ್ತು. ನಡೆದೆ. ಒಂದು ಕಡೆ ಕಲ್ಲಿನ ತೊಟ್ಟಿ, ಅದರ ಮೇಲೆ ಉದ್ದ ಹಿಡಿಯ ಬಿದಿರಿನ ಸೌಟುಗಳು. ಕೈಯೊಡ್ಡಿ ನೀರು ಹಾಕಿಕೊಂಡೆ, ಕುಡಿದೆ, ಉಳಿದದ್ದನ್ನು ತಲೆಗೆ ಒರೆಸಿಕೊಂಡೆ. "ಅತ್ತೆ! ಅದು ಕೈ ಬಾಯಿ ತೊಳೆಯೋ ನೀರು, ತೀರ್ಥ ಅಲ್ಲ!" ಅಂದರು ಅಳಿಯಂದಿರು. ಕುಡಿದದ್ದು ಆಗಿತ್ತು. ಹೊಟ್ಟೆಗೆ ಏನೂ ಆಗಲಿಲ್ಲ, ಅದನ್ನು ಹೇಳಿಬಿಡುತ್ತೇನೆ.

ಗುಡಿಯ ಮುಂದೆ ನಮ್ಮಲ್ಲಿ ಬಸವಣ್ಣ ಇರುವ ಜಾಗದಲ್ಲಿ ನರಿ ಕೂತಿತ್ತು. ಕಲ್ಲಿನದು, ಕೊರಳಿಗೆ ಕೆಂಪು ಬಟ್ಟೆ ಕಟ್ಟಿಸಿಕೊಂಡು. ನರಿಯನ್ನು ಕಾವಲಿಗೆ ಇಟ್ಟುಕೊಂಡ ದೇವರು ಎಂಥವನಿರಬಹುದು ಎಂದು ಇಣುಕಿದೆ. ಬಾಗಿಲು ಮುಚ್ಚಿತ್ತು. ಜನ ಬಂದು ಹಗ್ಗ ಅಲ್ಲಾಡಿಸಿ ಗಂಟೆ ಬಾರಿಸುತ್ತಾರೆ, ಬಗ್ಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಹೋಗುತ್ತಾರೆ. ಮಂಗಳಾರತಿ ಇಲ್ಲ, ಕುಂಕುಮ ಇಲ್ಲ, ಕೈಗೆ ಒಂದು ಕಾಳು ಪ್ರಸಾದ ಇಲ್ಲ.

"ದೇವರೆಲ್ಲಿ?"

"ಒಳಗೆ ಇದಾರೆ ಅಜ್ಜಿ. ಯು ಡೋಂಟ್ ಸೀ."

"ನೋಡೋ ಹಾಗಿಲ್ಲ ಅಂದ್ಮೇಲೆ ರೇಷ್ಮೆ ಸೀರೆ ಯಾರಿಗೆ?"

ಇಳಾ ಗಂಟೆಯ ಹಗ್ಗವನ್ನು ನೋಡತೊಡಗಿದಳು. ನಾನು ತಿರುಗಿ ಅಂಗಳ ನೋಡಿದೆ. ತೊಟ್ಟಿಯ ಹತ್ತಿರ ಒಬ್ಬ ಪುಟ್ಟ ಮುದುಕಿ, ಬೂದು ಕೋಟು, ಊರಿಕೊಳ್ಳಲು ನಾಲ್ಕು ಚಕ್ರದ ತಳ್ಳುಗಾಡಿ. ಪಕ್ಕದಲ್ಲಿ ಐವತ್ತರ ಆಸುಪಾಸಿನ ಹೆಂಗಸು. ಮುದುಕಿ ದೇವರಿಗೆ ಬೆನ್ನು ಹಾಕಿ ನಿಂತಿದ್ದರು. ಕಣ್ಣು ನನ್ನ ಕಾಲಿನ ಮೇಲೆ.

ಆಮೇಲೆ ನಾವು ಗುಡಿಯ ಪಕ್ಕದ ಅಂಗಡಿಯಂಥ ಕಿಟಕಿಯಲ್ಲಿ ತಾಯಿತ ನೋಡುತ್ತಾ ನಿಂತೆವು. ವಿಜಿ ಬೇಕೆಂದೇ ತಡ ಮಾಡಿದಳು, ಅದು ನನಗೆ ಗೊತ್ತು. ತಾಯಿತ ಕಟ್ಟಿಕೊಳ್ಳುವವಳಲ್ಲ ಅವಳು. ವಾಪಸು ಕಮಾನಿಗೆ ಬಂದರೆ ನನ್ನ ಚಪ್ಪಲಿ ಜೋಡಿಯಾಗಿತ್ತು. ಕಂಬದ ಹಿಂದಿನದು ಬಂದು ಕಮಾನಿನ ಬುಡದ್ದರ ಪಕ್ಕ ನಿಂತಿತ್ತು. ಹಿಮ್ಮಡಿ ನನ್ನ ಕಡೆ, ಮೂತಿ ಬೀದಿಯ ಕಡೆ.

ನಾನು ನಿಂತುಬಿಟ್ಟೆ. ಲಿವೋನಿಯಾದ ಶನಿವಾರಗಳೆಲ್ಲ ಅಲ್ಲಿ ಬಿಸಿಲಿನಲ್ಲಿ ಜೋಡಿಯಾಗಿ ನಿಂತಿದ್ದವು.

ಓದು ಇಲ್ಲದವಳಾದರೂ ಇಷ್ಟು ಲೆಕ್ಕ ನನಗೆ ಬರುತ್ತದೆ. ಎರಡನೆಯ ಚಪ್ಪಲಿ ಕಂಬದ ಹಿಂದೆ ಇದೆ ಎಂದು ತಿಳಿಯಬೇಕಾದರೆ ನಾನು ಅಲ್ಲಿ ಇಡುವಾಗ ನೋಡಿರಬೇಕು. ಅಂದರೆ ನಾವು ಬರುವ ಮೊದಲೇ ಬಂದು ಕಾದಿರಬೇಕು. ಕಾದಿದ್ದಾರೆಂದರೆ ನಾವು ಬರುವುದನ್ನು ಯಾರೋ ಹೇಳಿರಬೇಕು. ಇನ್ನು, ದಾರಿಯಲ್ಲಿ ಹೋಗುವವರು ಯಾರೂ ಕಂಡವರ ಚಪ್ಪಲಿ ಮುಟ್ಟುವುದಿಲ್ಲ. ನೋಡಿದೆ. ಬೂದು ಕೋಟಿನ ಮುದುಕಿ ಕೈವಸ್ತ್ರದಲ್ಲಿ ಬೆರಳು ಒರೆಸಿಕೊಳ್ಳುತ್ತಾ ಮರದ ಎಲೆ ಎಣಿಸುತ್ತಿದ್ದರು.

"ಅವರ್ಯಾರು?" ಅಂದೆ.

"ಯಾರೋ, ಟೂರಿಸ್ಟ್ ಇರ್ಬೇಕಮ್ಮ" ಅಂದಳು ವಿಜಿ.

"ಊರುಗೋಲಿನ ಗಾಡಿ ತಳ್ಕೊಂಡು ಬಂದಿರೋ ಟೂರಿಸ್ಟಾ? ಇಳಾ, ಶನಿವಾರ ನಮ್ಮನೆಗೆ ಬರೋನು ಇವರ ಹುಡುಗಾನಾ?"

ಅಳಿಯಂದಿರು ನರಿಯ ಫೋಟೋ ತೆಗೆಯಲು ಹೋದರು. ನಾನು ಚಪ್ಪಲಿ ಮೆಟ್ಟಿ ನೇರ ಮುದುಕಿಯ ಮುಂದೆ ಹೋಗಿ ನಿಂತೆ.

"ನೋಡಿದ್ದಾಯ್ತಾ?"

"ಅಜ್ಜಿ, ಐ ಕಾಂಟ್ ಸೇ ದಟ್!"

"ಹೇಳು."

ಇಳಾ ಜಪಾನಿ ಭಾಷೆಯಲ್ಲಿ ಹೇಳಿದಳು. ಹುಟ್ಟಿದಾಗಿನಿಂದ ನನಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟವಳು ಬೇರೆಯವರ ಅಜ್ಜಿಗೆ ಅವರ ಭಾಷೆಯಲ್ಲೇ ಹೇಳಿದಳು. ನಾನು ಆಡಿದ್ದು ಎರಡು ಮಾತು, ಅವಳು ನಡು ಬಗ್ಗಿಸಿಕೊಂಡು ಅಷ್ಟುದ್ದ ಹೇಳಿದಳು. ಅದನ್ನೂ ನಾನು ನಂಬಲಿಲ್ಲ. ಮುದುಕಿ ನಗಲಿಲ್ಲ. ನನ್ನ ಕಾಲು ತೋರಿಸಿ ಏನೋ ಕೇಳಿದರು.

"ಏನಂತೆ?"

"ಕಲ್ಲು ತುಂಬಾ ಕೋಲ್ಡ್ ಅಲ್ವಾ, ನಿಮ್ಮ ಮಂಡಿ ಹೇಗಿದೆ ಅಂತ ಕೇಳ್ತಿದಾರೆ. ಅವರ ಮಂಡಿ ಹೋಗಿದೆಯಂತೆ."

"ನನ್ನದು ಗಟ್ಟಿಯಾಗಿದೆ ಅನ್ನು."

ಆ ಮುದುಕಿ ತಲೆ ಆಡಿಸಿದ ರೀತಿ ನೋಡಿ ನನಗೆ ದೊಡ್ಡ ಮೂಗುತಿ ನೆನಪಾಯಿತು.

ಮಿಕ್ಕದ್ದು ಏರ್‌ಪೋರ್ಟಿನಲ್ಲಿ ಹೊರಬಿತ್ತು. ಹುಡುಗನ ಹೆಸರು ತಕುಮಿ. ಚಿಕ್ಕವನಿದ್ದಾಗ ಅಪ್ಪ ಅಮ್ಮನ ಜೊತೆ ಮಿಷಿಗನ್ನಿಗೆ ಬಂದವನು. ಅವರು ವಾಪಸು ಹೋದರು, ಇವನು ಉಳಿದ. ಮುದುಕಿಯ ಪಕ್ಕ ನಿಂತಿದ್ದ ಹೆಂಗಸು ಅವನ ಅಮ್ಮನಂತೆ. ವಿಕ್ಸಮ್‌ನಲ್ಲಿ ಕಾರಿನ ಭಾಗ ಮಾಡುವ ಕಡೆ ಕೆಲಸ. ಇಳಾ ಮದುವೆಯಾದರೆ ಅವನನ್ನೇ ಅನ್ನುತ್ತಾಳೆ. ಅವನ ಅಜ್ಜಿ, ಆ ಮನೆಯ ಹಿರಿಯರನ್ನು ಕಣ್ಣಾರೆ ಕಾಣದೆ ಹೂಂ ಅನ್ನುವುದಿಲ್ಲ ಅಂದರಂತೆ. ಮಂಡಿಯಿಂದಾಗಿ ಅವರು ವಿಮಾನ ಹತ್ತುವ ಹಾಗಿಲ್ಲ. ಅದಕ್ಕೆ ಹಿರಿಯರನ್ನೇ ಹೊತ್ತು ತಂದರು.

"ನಂಗೆ ಮೊದಲೇ ಯಾಕೆ ಹೇಳ್ಲಿಲ್ಲ?"

"ನೀನು ಹೋದ್ವರ್ಷ ಆ ಬಿಳೀ ಹುಡುಗನ ಮದುವೆ ಊಟದಲ್ಲಿ ಅಂದ್ಯಲ್ಲಮ್ಮ, ಇಂಥ ಅಳಿಯ ನಮ್ಮನೆಗೆ ಬಂದ್ರೆ ಬಾಗ್ಲು ಹಾಕ್ತೀನಿ ಅಂತ" ಅಂದಳು ವಿಜಿ.

ಅಂದಿದ್ದೆ. ಬಿಳಿಯ ಹುಡುಗ ಎಂದು ಅಂದದ್ದಲ್ಲ. ಉಂಡ ತಟ್ಟೆಯನ್ನು ಮಾವನ ಕೈಗೆ ಕೊಟ್ಟು ಫೋನ್ ಹಿಡಿದು ಕೂತನಲ್ಲ, ಅದಕ್ಕೆ ಅಂದದ್ದು. ಇವರು ಬಣ್ಣ ಕೇಳಿಸಿಕೊಂಡರು, ತಟ್ಟೆ ಬಿಟ್ಟರು.

ಇಳಾಳ ಮೂಗು ಕೆಂಪಾಗಿತ್ತು. "ಐ ಟೋಲ್ಡ್ ಹಿಮ್, ಅಜ್ಜಿ ಬೇಡ ಅಂದ್ರೆ ಐ ವೋಂಟ್. ಐ ಮೀನ್ ಇಟ್." ಅವಳು ಸುಳ್ಳು ಹೇಳುವಾಗ ಕೆನ್ನೆ ಹಿಂಡುತ್ತಾಳೆ. ಈಗ ಹಿಂಡಲಿಲ್ಲ. ನನ್ನ ಹೂಂ ಇಲ್ಲದೆ ಏನೂ ಆಗುವುದಿಲ್ಲ ಅನ್ನುತ್ತಾರೆ, ಆದರೆ ನನಗೆ ಹೇಳದೆಯೇ ಎಲ್ಲವನ್ನೂ ಮಾಡಿದ್ದಾರೆ. ಎದೆಯಲ್ಲಿ ಉರಿ ಎದ್ದದ್ದು ಅದಕ್ಕೆ. ಹುಡುಗನಿಗಲ್ಲ.

"ಏನಂತೀಯಮ್ಮ?" ಅಂದಳು ವಿಜಿ.

"ಊರು ಸೇರೋಣ."

ವಿಮಾನದಲ್ಲಿ ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅಳಿಯಂದಿರು ಕಿಟಕಿಯ ಸೀಟು ಬಿಟ್ಟುಕೊಟ್ಟರು. ಇಳಾ ತನ್ನ ಐಸ್‌ಕ್ರೀಮ್ ಕೊಟ್ಟಳು, ತಿಂದೆ. ವಿಜಿಯದೂ ತಿಂದೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಧ್ಯಾಹ್ನ ಹೊರಟವರು ಅದೇ ದಿನ, ಹೊರಟ ಹೊತ್ತಿಗೂ ಮುಂಚೆ ಡೆಟ್ರಾಯಿಟಿನಲ್ಲಿ ಇಳಿದೆವು. ಅದು ಹೇಗೆ ಎಂದು ಅಳಿಯಂದಿರು ಕಿತ್ತಳೆಹಣ್ಣು ಹಿಡಿದು ವಿವರಿಸಿ ಹೇಳಿದರು. ಈ ಮನೆಯವರು ಹೇಳಿದ್ದು ಯಾವುದನ್ನೂ ಆ ದಿನ ನಾನು ನಂಬುವವಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಸ್ನಾನ ಮಾಡಿ, ರವೆ ಹುರಿದೆ. ಒಂದು ಒಲೆಯ ಮೇಲೆ ಉಪ್ಪಿಟ್ಟು, ಇನ್ನೊಂದರ ಮೇಲೆ ಕೇಸರಿಬಾತು. ವಾಸನೆಗೆ ವಿಜಿ ಕೆಳಗೆ ಇಳಿದು ಬಂದಳು. ಎರಡೂ ಪಾತ್ರೆ ನೋಡಿದಳು. ಇವೆರಡನ್ನೂ ಒಟ್ಟಿಗೆ ನಮ್ಮಲ್ಲಿ ಯಾವತ್ತು ಮಾಡುತ್ತೇವೆಂದು ಅವಳಿಗೆ ಗೊತ್ತು. ಅವಳನ್ನು ನೋಡಲು ಬಂದವರಿಗೂ ಇದನ್ನೇ ಮಾಡಿದ್ದೆ.

"ಅಮ್ಮಾ..."

"ಆಮೇಲೆ ಅಳು. ಗೋಡಂಬಿ ಎಲ್ಲಿಟ್ಟಿದೀಯ? ಆ ಹುಡುಗನ್ನ ಕರೆಸು ಅಂತ ಇಳಾಗೆ ಹೇಳು. ಗರಾಜಿನ ಕಡೆಯಿಂದ ಬೇಡ. ಮುಂಬಾಗಿಲಲ್ಲಿ ಬರಲಿ."

ಬಂದ. ತೆಳ್ಳಗಿದ್ದಾನೆ, ಕನ್ನಡಕ. "ನಮಸ್ಕಾರ ಅಜ್ಜಿ" ಅಂದ. ಶೂ ಬಿಚ್ಚಿ, ಮಂಡಿಯೂರಿ, ಮೂತಿ ಹೊರಗೆ ಮಾಡಿ ಇಟ್ಟ. ಪಕ್ಕದಲ್ಲಿ ಸೊಟ್ಟಗೆ ಬಿದ್ದಿದ್ದ ಅಳಿಯಂದಿರ ಶೂ ಕೂಡ ನೇರ ಮಾಡಿದ. ಉಪ್ಪಿಟ್ಟು ತಿಂದ, ಕೇಸರಿಬಾತು ಎರಡನೇ ಸಲ ಹಾಕಿಸಿಕೊಂಡ. ಇಳಾಳ ಕಿವಿಯಲ್ಲಿ ಏನೋ ಕೇಳಿದ.

"ಅಜ್ಜಿ, ಚಪ್ಪಲಿ ಮೇಲಿದ್ದ ಆ ಲೀಫ್ ಯಾವ ಪೂಜೆಗೆ ಅಂತ ಕೇಳ್ತಿದಾನೆ. ಬೀಳಿಸ್ಬಾರ್ದು ಅಂತ ತುಂಬಾ ಹೆದರಿದ್ನಂತೆ."

"ಅವನನ್ನ ಹಿಡಿಯೋ ಪೂಜೆಗೆ ಅನ್ನು."

ತಟ್ಟೆಯನ್ನು ತಾನೇ ತೆಗೆದುಕೊಂಡು ಹೋಗಿ ತೊಳೆದಿಟ್ಟ. ವಿಜಿ ನನ್ನನ್ನು ನೋಡಿದಳು. ತಟ್ಟೆಯ ವಿಷಯ ಇವರೇ ಹೇಳಿಕೊಟ್ಟಿರಬಹುದು, ನಮಸ್ಕಾರ ಹೇಳಿಕೊಟ್ಟ ಹಾಗೆ. ಹೇಳಿಕೊಟ್ಟು ಬರುವಂಥದ್ದಲ್ಲದ ಒಂದು ಉಳಿದಿತ್ತು. ಕುರ್ಚಿಯನ್ನು ಗೋಡೆಗೆ ಸರಿಸಿಕೊಂಡು ಕೂತೆ.

"ಇಳಾ, ಅವನಿಗೆ ಹೇಳು. ಇಲ್ಲಿಂದ ಆ ಮುಂಬಾಗಿಲ ತನಕ ನಡೆದು ತೋರಿಸು ಅಂತ."

"ಅಜ್ಜಿ!"

"ನನ್ನನ್ನ ಜಲ್ಲಿ ಮೇಲೆ ನಡೆಸಿದ್ರಿ. ಇದು ಕಾರ್ಪೆಟ್ಟು. ಹೇಳು."

ಹೇಳಿದಳು. ಹುಡುಗ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಕಾಲುಚೀಲ ಎರಡನ್ನೂ ಬಿಚ್ಚಿ, ಮಡಿಸಿ ಜೇಬಿನಲ್ಲಿ ಇಟ್ಟುಕೊಂಡು, ಬರಿಗಾಲಲ್ಲಿ ಬಾಗಿಲ ತನಕ ಹೋದ, ಬಂದ. ಕಾಲಿನಲ್ಲಿ ಐಬೇನೂ ಕಾಣಿಸಲಿಲ್ಲ.

ಆದರೂ ಇನ್ನೊಂದು ಸಲ ನಡೆಸಿದೆ.